ಸಚಿವರ ಮೊಣಕಾಲು, ನಮ್ಮ ಬೇಡಿಕೆ

ವೈದ್ಯರ ಸಂಘದ ಮಾಜಿ ಕಾರ್ಯದರ್ಶಿಗಳೂ ನನ್ನ ಏಕೈಕ ತಂದೆಯವರೂ ಆದ ಅಪ್ಪನಿಗೆ,

ಸಂಘದ ಅತಿ ಕಿರಿಯ ಸದಸ್ಯೆಯೂ ನಿಮ್ಮ ತಲೆನೋವೂ ಆದ ನಾನು ಅರಿಕೆ ಮಾಡುವುದೇನೆಂದರೆ, ಇಂದು ನಮ್ಮ ನಿಯೋಗ ಆರೋಗ್ಯ ಸಚಿವರನ್ನು ಕಂಡಿತು. ಬೇಡಿಕೆ ನಿಮ್ಮದೇ: ಯಾವ ಡಾಕ್ಟರನ್ನೂ ಹಗಲು ರಾತ್ರಿ ಒಂದೇ ಸಮನೆ ದುಡಿಸಬಾರದು.

ಸಚಿವರು ಎಂದಿನಂತೆ ಮೊಣಕಾಲು ಚಾಚಿದರು. "ಮೊದಲು ಇದನ್ನ ನೋಡಿ ಡಾಕ್ಟ್ರೇ, ಮೆಟ್ಟಿಲು ಹತ್ತೋಕೇ ಆಗ್ತಿಲ್ಲ." ನಮ್ಮ ಹಿರಿಯರೆಲ್ಲ ಬೇಡಿಕೆ ಮರೆತು ಮೊಣಕಾಲಿಗೆ ಮುಗಿಬಿದ್ದರು. ನೀವು ಪ್ರತಿ ಸಲವೂ ಬರಿಗೈಯಲ್ಲಿ ಮರಳುತ್ತಿದ್ದುದೇಕೆಂದು ಆಗ ತಿಳಿಯಿತು. ರೋಗಿ ಕಂಡರೆ ನಮ್ಮವರಿಗೆ ಸರ್ಕಾರ ಕಾಣುವುದಿಲ್ಲ.

ನಾನು ಪರಮ ಗಂಭೀರಳಾಗಿ ಸಚಿವರ ತೋಳಿಗೆ ಬಿ.ಪಿ. ಪಟ್ಟಿ ಸುತ್ತಿದೆ. "ಮಾತಾಡ್ಬೇಡಿ ಸರ್, ಬಿ.ಪಿ. ತಪ್ಪು ತೋರಿಸುತ್ತೆ" ಎಂದೆ. ಗಾಳಿ ತುಂಬುತ್ತಾ, ಬಿಡುತ್ತಾ, ಮತ್ತೆ ತುಂಬುತ್ತಾ ಬೇಡಿಕೆಯನ್ನು ಪೂರ್ತಿ ಒಪ್ಪಿಸಿದೆ. ನಮ್ಮ ಅಧ್ಯಕ್ಷರ ಮುಖ ಹುಳ್ಳಗಾಯಿತು.

ಪಟ್ಟಿ ಬಿಚ್ಚಿದಾಗ ಸಚಿವರು ನಕ್ಕರು. "ಭಲೇ ಹುಡುಗಿ ಕಣಮ್ಮ ನೀನು! ಆದ್ರೆ ಇದಕ್ಕೇನವಸರ? ಮುಂದಿನ ವರ್ಷ ನೋಡೋಣ. ಅಂದಹಾಗೆ, ಆ ಹಳೇ ಕಾರ್ಯದರ್ಶಿ ಎಲ್ಲಿ? ಕೈಗುಣ ಚೆನ್ನಾಗಿತ್ತು ಅವರದು. ಕರ್ಕೊಂಡು ಬನ್ನಿ."

ನಾನು ಬಿಚ್ಚಿದ ಪಟ್ಟಿಯನ್ನು ಮಡಚತೊಡಗಿದೆ. ಅಧ್ಯಕ್ಷರೇ ಹೇಳಿದರು: "ಅವರು ಹೋಗ್ಬಿಟ್ರು ಸರ್. ನಿದ್ದೆಯಿಲ್ದೆ ಡ್ಯೂಟಿ ಮೇಲೆ ಡ್ಯೂಟಿ ಮಾಡಿ ವಾರ್ಡಲ್ಲೇ ಕುಸಿದ್ರು. ಇವಳು ಅವರ ಮಗಳು."

ಹೊರಗೆ ಕಾಯುತ್ತಿದ್ದವರಿಗೆ ನಾಳೆ ಬರಲು ಹೇಳುವಂತೆ ಸಚಿವರು ಸಹಾಯಕನಿಗೆ ಸೂಚಿಸಿದರು. ಆಮೇಲೆ ನನ್ನತ್ತ ತಿರುಗಿ, "ಕೂತ್ಕೋಮ್ಮ. ಇನ್ನೊಂದ್ಸಲ ಹೇಳು, ಬರ್ಕೋತೀನಿ" ಎಂದರು.

ಎರಡನೇ ಸಲ ಹೇಳುವಾಗ ನನ್ನ ದನಿ ಅಷ್ಟು ಗಟ್ಟಿಯಿರಲಿಲ್ಲ, ಅಪ್ಪ.