ನೆಂಟರಿಗೆ ಬಾಗಿಲು ಹಾಕಿದ್ದು

ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಅಕ್ಕಾ,

ನಿನ್ನ ಎರಡು ಕಾಗದಕ್ಕೂ ಸೇರಿಸಿ ಒಂದೇ ಉತ್ತರ ಬರೆಯುತ್ತಿದ್ದೇನೆ, ಬೈದುಕೋ. ಫೋನು ಮಾಡಬಹುದಿತ್ತು. ಆದರೆ ಈ ಮನೆಯ ಗೋಡೆಗಳು ಎಷ್ಟು ತೆಳುವೆಂದು ನಿನಗೆ ಗೊತ್ತು. ನಾನು ಪಿಸುಗುಟ್ಟಿದರೂ ಅತ್ತೆ ಆ ಕೋಣೆಯಿಂದಲೇ ಉತ್ತರ ಕೊಡುತ್ತಾರೆ. ಭಾವನ ಸೊಂಟನೋವು ಹೇಗಿದೆ? ಇಲ್ಲಿ ನಾವೆಲ್ಲರೂ ಕ್ಷೇಮ ಎಂದು ಬರೆಯಲು ಹೋದರೆ ಪೆನ್ನು ಅಲ್ಲೇ ನಿಂತುಬಿಟ್ಟಿತು. ಕ್ಷೇಮವೇ ಅಂದುಕೋ.

ನೀನು ಎರಡರಲ್ಲೂ ಕೇಳಿದ್ದು ಒಂದೇ: "ಆಸ್ಪತ್ರೆಗೆ ಹೋಗಿ ಪರೀಕ್ಷೆ ಮಾಡಿಸ್ಕೊಂಡ್ಯಾ, ಇಲ್ವಾ?" ಅಮ್ಮನಿಗೆ ಎದೆಯ ಕ್ಯಾನ್ಸರ್ ಬಂದದ್ದರಿಂದ ನಾವಿಬ್ಬರೂ ತಪ್ಪದೆ ತೋರಿಸಿಕೊಳ್ಳುತ್ತಿರಬೇಕೆಂದು ಡಾಕ್ಟರಮ್ಮ ಹೇಳಿದ್ದು ನನಗೂ ನೆನಪಿದೆ. ಹೋಗುತ್ತೇನೆ. ಅದಕ್ಕೆ ಮೊದಲು ಇಲ್ಲಿ ನಾನು ಏನೇನು ಮಾಡಿದ್ದೇನೆ ಕೇಳು.

ಇವರು ಸಿಗರೇಟು ಬಿಟ್ಟರು. ನಿಜವಾಗಿಯೂ. ಪ್ರೆಸ್ಸಿನಲ್ಲಿ ಕಾಗದ ಕತ್ತರಿಸುವ ಯಂತ್ರದ ಪಕ್ಕ ನಿಂತು ಈಗ ದಿನವಿಡೀ ಲವಂಗ ಅಗಿಯುತ್ತಾರೆ. ಜೊತೆಯವರು "ಹಲ್ಲಿನ ಡಾಕ್ಟರು" ಎಂದು ಹೆಸರಿಟ್ಟಿದ್ದಾರಂತೆ. ಶನಿವಾರದ ಗ್ಲಾಸೂ ಹೋಯಿತು. "ಹೊಗೆ ಬಿಟ್ಟೆ, ಕುಡಿಯೋದು ಬಿಟ್ಟೆ, ಇನ್ನು ನಿನ್ನೊಬ್ಬಳನ್ನ ಬಿಟ್ರೆ ನೂರು ವರ್ಷ ಗ್ಯಾರಂಟಿ" ಎಂದು ನಗುತ್ತಾರೆ. ಕರಿಯುವ ಬಾಣಲೆ ಅಟ್ಟ ಸೇರಿದೆ. ಡಬ್ಬಿಯ ಮಾಂಸ, ಬಾಟಲಿಯ ಸಿಹಿ ಪಾನೀಯ ಹೊಸ್ತಿಲು ದಾಟುವಂತಿಲ್ಲ. ಬೆಳಿಗ್ಗೆ ಎದ್ದು ಶಾಲೆಯ ಮೈದಾನದ ಸುತ್ತ ಬಿರುಸಾಗಿ ನಡೆಯುತ್ತೇನೆ; ಲಿಫ್ಟಿಗೂ ನನಗೂ ಮಾತಿಲ್ಲ. ತಟ್ಟೆಯಲ್ಲಿ ಅರ್ಧಕ್ಕರ್ಧ ತರಕಾರಿ. ಮೊನ್ನೆ ಅತ್ತೆ ಬೇಯಿಸಿದ ಕೋಸನ್ನು ಚಮಚದಿಂದ ಆಚೀಚೆ ತಳ್ಳುತ್ತಾ, "ಈ ಮನೇಲಿ ನಾವು ಬದುಕೋಕೆ ತಿಂತೀವೋ, ಸಾಯಬಾರ್ದು ಅಂತ ತಿಂತೀವೋ? ಎರಡೂ ಒಂದೇ ಅಲ್ಲ ಕಣಮ್ಮ" ಅಂದರು. ನಾನು ಇನ್ನೊಂದು ಚಮಚ ಕೋಸು ಬಡಿಸಿದೆ.

ನಿದ್ದೆಯೊಂದೇ ಸರಿಹೋಗಿಲ್ಲ. ಚೆನ್ನಾಗಿ ನಿದ್ದೆ ಮಾಡಬೇಕು ಎಂದು ಓದಿದಂದಿನಿಂದ ಇದ್ದಬದ್ದ ನಿದ್ದೆಯೂ ಹಾರಿಹೋಯಿತು. ಕಣ್ಣು ಮುಚ್ಚಿದರೆ ಅಮ್ಮ. ಅವಳು ಯಾವ ತಪ್ಪು ಮಾಡಿದ್ದಳು ಹೇಳು? ಹಿತಮಿತವಾಗಿ ಉಂಡಳು, ಕೆಲಸಕ್ಕೆ ನಡೆದೇ ಹೋದಳು, ನಮ್ಮಿಬ್ಬರಿಗೂ ಸಾಕೆನ್ನುವಷ್ಟು ಕಾಲ ಹಾಲೂಡಿಸಿದಳು. ಇದನ್ನೇ ಹಿಡಿದು ನಾನು ಆಸ್ಪತ್ರೆಯಲ್ಲಿ ಜಗಳಕ್ಕೆ ನಿಂತಾಗ ಡಾಕ್ಟರಮ್ಮ, "ಇದೆಲ್ಲ ಮಾಡಿದ್ರೆ ಅಪಾಯ ಕಡಿಮೆ ಆಗುತ್ತೆ. ಬರೋದೇ ಇಲ್ಲ ಅಂತ ನಾವ್ಯಾರೂ ಹೇಳಲ್ಲಮ್ಮ" ಅಂದಿದ್ದರಲ್ಲ. ಆ 'ಕಡಿಮೆ' ಅನ್ನುವ ಒಂದು ಮಾತಿನ ಮೇಲೆ ಇಡೀ ಸಂಸಾರವನ್ನು ತಂದು ನಿಲ್ಲಿಸಿದ್ದೇನೆ.

ಇರಲಿ, ಒಂದು ನಗುವ ಸಮಾಚಾರ ಹೇಳುತ್ತೇನೆ. ಅಮ್ಮ ತನ್ನ ಕಾಯಿಲೆಯನ್ನು ನೆಂಟರು ಎನ್ನುತ್ತಿದ್ದಳಲ್ಲ? "ಕರೀದೇ ಬಂದ ನೆಂಟರು ಕಣ್ರೇ, ಉಂಡು ಹೋಗ್ತಾರೆ ಬಿಡಿ" ಅಂತ. ಈ ಮನೆಯಲ್ಲೂ ಅದೇ ಮಾತು ಉಳಿದುಬಿಟ್ಟಿದೆ. ಕಾಗದದಲ್ಲಿ ಕ್ಯಾನ್ಸರ್ ಎಂದು ಬರೆಯುತ್ತೇನೆ, ಬಾಯಿಗೆ ಮಾತ್ರ ಬೇರೆ ಹೆಸರು ಬರುವುದಿಲ್ಲ. ನೀನ್ಯಾಕೆ ಅಷ್ಟು ನಡೀತೀಯ, ಬಿಸ್ಕತ್ತು ಯಾಕೆ ಇಲ್ಲ ಎಂದು ಮಗಳು ಚೋಟು ಕೇಳಿದಾಗಲೆಲ್ಲ, "ನಮ್ಮನೆಗೆ ನೆಂಟರು ಬರಬಾರ್ದು ಅಂತ ಪುಟ್ಟಾ" ಎಂದೇ ಹೇಳಿದ್ದೇನೆ. ಅಜ್ಜಿಯನ್ನು ಯಾರು ಕರೆದುಕೊಂಡು ಹೋದರು ಎಂದು ಅವಳು ಕೇಳಿದಾಗಲೂ ಅದೇ ಉತ್ತರ.

ಕಳೆದ ವಾರ ಅತ್ತೆಯ ತಂಗಿ ಪೆಟ್ಟಿಗೆ ಹಿಡಿದುಕೊಂಡು ಬಂದರು. ನಾನು ಬಟ್ಟೆ ಒಣಹಾಕಲು ತಾರಸಿಗೆ ಹೋಗಿದ್ದೆ, ಅತ್ತೆ ಸ್ನಾನಕ್ಕೆ. ಎದುರುಮನೆಯ ದರ್ಜಿಯ ಹೆಂಡತಿ, "ಚೋಟೂ, ನಿಮ್ಮನೆಗೆ ನೆಂಟರು ಬಂದ್ರು ನೋಡೇ!" ಎಂದು ಕೂಗಿದ್ದಾಳೆ. ಇವಳು ಧಡಾರನೆ ಬಾಗಿಲು ಹಾಕಿ, ಚಿಲಕ ಜಡಿದು, ಸ್ಟೂಲು ಅಡ್ಡ ಎಳೆದು, "ನಮ್ಮಮ್ಮ ತರಕಾರಿ ತಿಂತಾಳೆ! ನಮ್ಮಮ್ಮ ದಿನಾ ನಡೀತಾಳೆ! ಹೋಗಿ!" ಎಂದು ಕಿರುಚಿದಳು. ಪಾಪ ಆ ಹೆಂಗಸು ಮೆಟ್ಟಿಲ ಮೇಲೆ ಕೂತು, "ನಾನೂ ತರಕಾರೀನೇ ತಿನ್ನೋದು ಕಂದಾ, ಬಾಗಿಲು ತೆಗಿ" ಎಂದು ಗೋಗರೆಯುತ್ತಿದ್ದರು.

ಕಟ್ಟಡಕ್ಕೆ ಕಟ್ಟಡವೇ ನಕ್ಕಿತು. ಸಂಜೆ ಇವರೂ ಕೇಳಿ ಹೊಟ್ಟೆ ಹಿಡಿದುಕೊಂಡರು. ಅತ್ತೆ ಮಾತ್ರ ನಗಲಿಲ್ಲ. "ನನ್ನ ತಂಗಿಗೆ ಬಾಗಿಲು ಹಾಕಿದ್ದಕ್ಕೆ ಬೇಜಾರಿಲ್ಲ ಬಿಡು. ಮಗೂಗೆ ಏನು ಹೇಳಿಟ್ಟಿದ್ದೀಯ ನೀನು?" ಅಂದರು. ಅಂದಿನಿಂದ ಚೋಟು ಬಾಗಿಲ ಗಂಟೆ ಸದ್ದಾದರೆ ಸಾಕು, ಬಂದು ನನ್ನ ಕಾಲು ತಬ್ಬಿಕೊಂಡು ನಿಲ್ಲುತ್ತಾಳೆ.

ನಿನ್ನ ಮಕ್ಕಳಿಗೆ ನನ್ನ ಮುತ್ತು. ಅವರಿಗೆ ನನ್ನ ಆಯುಸ್ಸೂ ಸೇರಲಿ ಎಂದು ಬರೆಯಲು ಹೊರಟಿದ್ದೆ. ಬೇಡ, ಅವರವರದೇ ಗಟ್ಟಿಯಾಗಿರಲಿ. ನಿನ್ನ ಕೈ ಒಮ್ಮೆ ನನ್ನ ತಲೆಯ ಮೇಲಿರಲಿ.

ಚಿಕ್ಕಂದಿನಲ್ಲಿ ಎಲ್ಲಿ ಹೋದರೂ ಬೆನ್ನಿಗೇ ಇರುತ್ತಿದ್ದ
ನಿನ್ನ ಬಾಲ

ಮತ್ತೆ: ಹಾಲು ಬಿಡಿಸಿ ಎಷ್ಟೋ ಕಾಲವಾದರೂ ನನ್ನ ಅಂಗಿಯೊಳಗೆ ಕೈಯಿಟ್ಟುಕೊಳ್ಳದೆ ಚೋಟುಗೆ ನಿದ್ದೆ ಬಾರದು. ಬಾಣಲೆ ಅಟ್ಟಕ್ಕೆ ಹೋದದ್ದರ ಹಿಂದಿನ ದಿನ ಅವಳ ಕೈ ಎಡಗಡೆ ಒಂದು ಕಡೆ ನಿಂತಿತು. "ಅಮ್ಮಾ, ಇಲ್ಲೊಂದು ಗೋಲಿ ಇದೆ" ಅಂದಳು. ನಾನಿನ್ನೂ ಅಲ್ಲಿ ಮುಟ್ಟಿ ನೋಡಿಲ್ಲ ಅಕ್ಕ. ಸೋಪನ್ನೂ ಆ ಜಾಗ ಬಿಟ್ಟೇ ಹಚ್ಚುತ್ತೇನೆ. ಇವರಿಗೆ ಹೇಳಿಲ್ಲ. ಒಬ್ಬಳೇ ಹೋಗಲಾರೆ, ಬಾ, ನನ್ನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗು. ಕೆಳಗೆ ಯಾರಾದರೂ ಕೇಳಿದರೆ ನೆಂಟರು ಎನ್ನಬೇಡ. ಬಾಗಿಲ ಹೊರಗೆ ನಿಂತು, "ನಾನು ದೊಡ್ಡಮ್ಮ" ಎಂದು ಕೂಗು. ಚಿಲಕ ತೆಗೆಯುತ್ತಾಳೆ.