ಗ್ಲೌಸಿನೊಳಗಿನ ಕೈ

೪ ಸೆಪ್ಟೆಂಬರ್ ೨೦೨೩, ಸೋಮವಾರ. ಗ್ರಿಮ್ಸ್‌ಬಿ

ಮತ್ತೆ ವೋಟು ಎಣಿಸುವ ಕಾಲ. ಅಂಚೆಯಲ್ಲಿ ಮೂವತ್ತೊಂದು, ಇ-ಮೇಲಿನಲ್ಲಿ ಅರವತ್ತು ಚಿಲ್ಲರೆ. ಎಂದಿನಂತೆ ಎರಡೇ ಪ್ರಶ್ನೆ. ಓರ್ವಾಕ್‌ನ ಯಾವ ಕಥೆ ನಿಮಗೆ ಅಚ್ಚುಮೆಚ್ಚು? ಓರ್ವಾಕ್‌ನ ಯಾವ ವೇಷ ಅಚ್ಚುಮೆಚ್ಚು? ಎರಡು ಗೆರೆ ಬರೆದರೆ ಸಾಕು, ಜನ ಹತ್ತು ಪುಟ ಬರೆಯುತ್ತಾರೆ. ಟಿವಿ ಧಾರಾವಾಹಿಯ ಖಳನೊಬ್ಬನ ಮೇಲಿರುವ ಪ್ರೀತಿ ಹೆಂಡತಿಯ ಮೇಲಿದ್ದಿದ್ದರೆ ನಮ್ಮ ಅಭಿಮಾನಿ ಸಂಘದ ಅರ್ಧ ಜನಕ್ಕೆ ವಿಚ್ಛೇದನವೇ ಆಗುತ್ತಿರಲಿಲ್ಲ. ನನಗೂ.

೬೫ರ ಚಿಂದಿಮುಖದ ಓರ್ವಾಕ್‌ಗೆ ಮುದುಕರ ವೋಟು. ೭೪ರ ರಬ್ಬರ್ ಓರ್ವಾಕ್‌ಗೆ ತಮಾಷೆಯವರ ವೋಟು. ೮೫ರ ಗಾಜಿನ ತಲೆಗೆ ಇದುವರೆಗೆ ಎರಡು. ಮೊದಲ ಸ್ಥಾನ ಈ ಸಲವೂ ೧೯೬೭ರ ‘ಶೀತಲಗೃಹ’ಕ್ಕೇ, ಅದರ ಕಬ್ಬಿಣದ ಗ್ಲೌಸಿನ ವೇಷಕ್ಕೇ.

ತಮಾಷೆಯೆಂದರೆ ಆ ಕಥೆಯನ್ನು ಹೆಚ್ಚಿನವರು ನೋಡೇ ಇಲ್ಲ. ಪ್ರಸಾರ ಆಗಿದ್ದು ಒಂದೇ ಸಲ. ಆಮೇಲೆ ಟಿವಿಯವರು ಟೇಪು ಅಳಿಸಿ ಬೇರೇನೋ ತುಂಬಿದರು. ಉಳಿದದ್ದು ಮೂರು ಫೋಟೊ. ಮತ್ತು ೧೯೭೮ರಲ್ಲಿ ನಮ್ಮ ಪತ್ರಿಕೆಗೆ ನಾನು ಬರೆದ ನಾಲ್ಕು ಪುಟ — ‘ನಾನು ಕಂಡಂತೆ’. ಅದು ಬಂದ ಮೇಲೆ ಇನ್ನೂ ಐದಾರು ಜನಕ್ಕೆ ಇದ್ದಕ್ಕಿದ್ದಂತೆ ನೆನಪು ಮರುಕಳಿಸಿತು. ‘ಹೌದು ಹೌದು, ಆ ಕಿರುಬೆರಳು ನಾನೂ ನೋಡಿದ್ದೆ’ ಎಂದು ಕಾಗದ ಬರೆದರು. ನಗು ಬಂದಿತ್ತು.

ಮೂರನೇ ಕಂತಿನ ಆ ದೃಶ್ಯ ಈಗ ಎಲ್ಲರಿಗೂ ಬಾಯಿಪಾಠ. ಓರ್ವಾಕ್ ಒಬ್ಬ ಹುಡುಗನನ್ನು ಶೀತಲಗೃಹದ ಮೂಲೆಗೆ ಒತ್ತುತ್ತಾನೆ. ಗ್ಲೌಸು ಕಳಚುತ್ತಾನೆ. ಒಳಗೆ ಯಂತ್ರವಿಲ್ಲ. ಮಾಮೂಲಿ ಗಂಡಸಿನ ಕೈ. ಕಿರುಬೆರಳು ಒಳಕ್ಕೆ ಸೊಟ್ಟ, ಉಗುರು ಕಪ್ಪು. ಆ ಕೈಯಿಂದ ಹುಡುಗನ ಬಾಯಿ ಮುಚ್ಚಿ ಅನ್ನುತ್ತಾನೆ: “ಕೂಗಬೇಡ. ಕೂಗಿದರೆ ನಿನ್ನಣ್ಣನ ಸರದಿ.”

ಈ ಮಾತು ಅಚ್ಚು ಹಾಕಿದ ಮಗ್ಗಿನಲ್ಲೇ ಈಗ ಟೀ ಕುಡಿಯುತ್ತಿದ್ದೇನೆ.

೧೨ ಸೆಪ್ಟೆಂಬರ್, ಮಂಗಳವಾರ

ಗ್ವೆಂಡಾ ಫೋನು. ನಮ್ಮ ಸಂಘದಲ್ಲಿ ವೇಷ ಹೊಲಿಯುವವಳು. ಮೂವತ್ತು ವರ್ಷದ ಸ್ನೇಹ. ಹಲೋ ಕೂಡ ಅನ್ನಲಿಲ್ಲ.

“ಲೆಸ್, ಕೂತ್ಕೊಂಡಿದ್ದೀಯಾ?”

“ಯಾರು ಸತ್ರು?”

“ಸಾಯೋದಲ್ಲ ಮಾರಾಯ, ಎದ್ದು ಬಂದಿದೆ! ಶೀತಲಗೃಹ ಸಿಕ್ಕಿದೆ! ಯಾವುದೋ ದ್ವೀಪದ ಟಿವಿ ಸ್ಟೇಷನ್ ನೆಲಮಾಳಿಗೆಯಲ್ಲಿ. ನಾಲ್ಕೂ ಕಂತು. ಮುಂದಿನ ತಿಂಗಳು ಲಿಂಕನ್‌ನಲ್ಲಿ ನಮಗೇ ಮೊದಲು ತೋರಿಸ್ತಾರಂತೆ. ನಿನ್ನನ್ನ ವೇದಿಕೆ ಮೇಲೆ ಕೂರಿಸ್ತಾರೆ ನೋಡು.”

ಸಂತೋಷ ಎಂದೆ. ಫೋನು ಇಟ್ಟೆ. ಮೀನು ಕರಿಯಲು ಎಣ್ಣೆ ಇಟ್ಟಿದ್ದೆ, ಹೊಗೆ ಬಂದ ಮೇಲೆ ನೆನಪಾಯಿತು.

೧೩ ಸೆಪ್ಟೆಂಬರ್

ಬರೆದುಬಿಡುತ್ತೇನೆ. ಇಲ್ಲಿ ಓದುವವರು ಯಾರಿದ್ದಾರೆ.

ಮೂರನೇ ಕಂತು ನಾನು ನೋಡಿಲ್ಲ. ಆ ಶನಿವಾರ ಸ್ಕೌಟ್ ಶಿಬಿರಕ್ಕೆ ಹೋಗಿದ್ದೆ. ಹನ್ನೊಂದು ವರ್ಷ. ಅಪ್ಪ ಅಮ್ಮ ಇಬ್ಬರೂ ಮೀನಿನಂಗಡಿಯಲ್ಲಿ. ನೋಡಿದವನು ನನ್ನ ತಮ್ಮ ನೆವ್. ಎಂಟು ವರ್ಷ. ಭಾನುವಾರ ವಾಪಸು ಬಂದಾಗ ಹೊದಿಕೆಯೊಳಗಿನಿಂದ ಪಿಸುಗುಟ್ಟುತ್ತಾ ಹೇಳಿದ. ಕೇಳಿ ಮೈ ಜುಂ ಎಂದಿತ್ತು. ಹನ್ನೊಂದು ವರ್ಷದ ಮೇಲೆ ಅದನ್ನೇ ನಾನು ಕಂಡದ್ದೆಂದು ಬರೆದೆ. ನೆವ್‌ನ ಹೆಸರು ಹಾಕಲಿಲ್ಲ.

ಆ ವರ್ಷದಿಂದ ಅವನು ನನ್ನೊಡನೆ ಮಾತು ಬಿಟ್ಟ. ಇರುವುದು ಲೌತ್‌ನಲ್ಲಿ, ಬಸ್ಸಿಗೆ ಮುಕ್ಕಾಲು ಗಂಟೆ ದಾರಿ. ಅಮ್ಮನ ಶವಸಂಸ್ಕಾರದಲ್ಲೂ ಬೇರೆ ಬೆಂಚು. ಹೆಸರು ಹಾಕದ್ದಕ್ಕೆ ಮುನಿಸು ಎಂದೇ ನನ್ನ ಲೆಕ್ಕ. ಒಂದು ಹೆಸರಿಗೆ ನಲವತ್ತೈದು ವರ್ಷ! ಎಂಥ ಹಟಮಾರಿ.

ದೃಶ್ಯ ಫಿಲಮ್ಮಿನಲ್ಲಿದ್ದರೆ ಬಚಾವು. ನೆವ್ ಮಸಾಲೆ ಹಚ್ಚಿ ಹೇಳಿದ್ದರೆ ನನ್ನ ಮಾನ ಹರಾಜು.

೧೪ ಅಕ್ಟೋಬರ್, ಶನಿವಾರ. ಲಿಂಕನ್, ಹೋಟೆಲು

ಮಧ್ಯಾಹ್ನದ ಬಿಡುವು. ಮೂರು ಕಂತು ಮುಗಿದವು.

ಇಲ್ಲ. ಗ್ಲೌಸು ಕಳಚುವುದೇ ಇಲ್ಲ. ಓರ್ವಾಕ್ ಕೊನೆಯವರೆಗೂ ಬಾಗಿಲ ಬಳಿ ನಿಂತು ಭಾಷಣ ಬಿಗಿಯುತ್ತಾನೆ, ಅಷ್ಟೆ. ಕಥೆಯೂ ಸಪ್ಪೆ. ಇನ್ನೂರು ಜನ ಉಸಿರು ಬಿಗಿಹಿಡಿದು ಕೂತಿದ್ದರು, ಮೂರನೇ ಕಂತು ಮುಗಿದಾಗ ಎಲ್ಲರೂ ನನ್ನ ಕಡೆ ತಿರುಗಿದರು.

ಕಣ್ಣು ತಪ್ಪಿಸಿ ಕೋಣೆಗೆ ಬಂದುಬಿಟ್ಟೆ.

೧೫ ಅಕ್ಟೋಬರ್, ಭಾನುವಾರ. ಮನೆ

ನಿನ್ನೆಯದು.

ನಾನು ಬಾಯಿ ತೆರೆಯುವ ಮೊದಲೇ ಜನ ನನ್ನನ್ನು ಪಾರುಮಾಡಿದರು. ಹಿಂದಿನ ಸಾಲಿನಿಂದ ಒಬ್ಬ ಎದ್ದ: “ಕತ್ತರಿ ಹಾಕಿದ್ದಾರ್ರೀ! ಆ ಕಾಲದಲ್ಲಿ ಹೊರದೇಶದ ಸೆನ್ಸಾರ್‌ನವರು ಮಕ್ಕಳನ್ನ ಹೆದರಿಸೋದನ್ನೆಲ್ಲ ಕತ್ತರಿಸ್ತಿದ್ರು!” ಸಭೆಯೆಲ್ಲ ಹೌದು ಹೌದು. ವೇದಿಕೆಯಲ್ಲಿದ್ದ ಹುಡುಗಿ ಮೈಕು ನನ್ನ ಮೂತಿಗೆ ಹಿಡಿದಳು. “ಮಿಸ್ಟರ್ ಕಾಬ್, ನೀವು ಕಣ್ಣಾರೆ ನೋಡಿದ್ದೀರಿ ಅಲ್ವಾ?”

ನೋಡಿದ್ದೇನೆ, ಎಂದೆ. ಎದ್ದು ನಿಂತು ಚಪ್ಪಾಳೆ ತಟ್ಟಿದರು. ನನ್ನ ಮಾತಿನ ಮುಂದೆ ಫಿಲಮ್ಮೇ ಸುಳ್ಳಾಯಿತು.

ವಾಪಸು ರೈಲಿನಲ್ಲಿ ಗ್ವೆಂಡಾ ಎದುರು ಕೂತಿದ್ದಳು. ತೊಡೆಯ ಮೇಲೆ ಅವಳು ಹೊಲಿದ ಓರ್ವಾಕ್ ಕೈ. ಮೇಣ, ಬಟ್ಟೆ, ಕಿರುಬೆರಳಿನೊಳಗೆ ತಂತಿ. ಬೆರಳು ಸ್ವಲ್ಪ ನೆಟ್ಟಗಾಗಿತ್ತಂತೆ, ಒಳಕ್ಕೆ ಬಾಗಿಸಿ ಕೇಳಿದಳು: “ಇಷ್ಟು ಸೊಟ್ಟ ಸಾಕಾ?”

“ಇನ್ನೂ ಸ್ವಲ್ಪ,” ಎಂದೆ. ನನಗೆ ಹೇಗೆ ಗೊತ್ತು? ನಾಲ್ಕು ಪುಟದಲ್ಲಿ ಅಳತೆ ಬರೆದಿಲ್ಲ. ನೆವ್ ಹೇಳಿದ್ದೂ ‘ಸೊಟ್ಟ’ ಎಂದಷ್ಟೇ.

ಅವಳು ಇನ್ನೂ ಸ್ವಲ್ಪ ಬಾಗಿಸಿದಳು. ಆಗ ಆ ಕೈ ನನ್ನ ಗುರುತಿನದಾಯಿತು.

ಮಿಸ್ಟರ್ ಆಟ್ಲಿ. ನಮ್ಮ ಮಹಡಿಯ ಕೋಣೆಗೆ ಬಾಡಿಗೆಗಿದ್ದವನು. ಹಡಗುಕಟ್ಟೆಯ ಐಸ್ ಕಾರ್ಖಾನೆಯಲ್ಲಿ ಕೆಲಸ, ಐಸ್ ಗಡ್ಡೆ ಬಿದ್ದು ಬೆರಳು ಜಜ್ಜಿತ್ತು. ಭಾನುವಾರ ಆ ಕೈಯಿಂದಲೇ ನಮಗೆ ಇಸ್ಪೀಟು ಹಂಚುತ್ತಿದ್ದ. ಅಂಗಡಿಯಿಂದ ಅಪ್ಪ ಅಮ್ಮ ಬರುವವರೆಗೆ ನಮ್ಮನ್ನು ನೋಡಿಕೊಳ್ಳುತ್ತಿದ್ದವನೂ ಅವನೇ. ಆ ಶನಿವಾರವೂ.

ಇನ್ನೊಂದು. ಆ ಕೈಯಿಂದ ಪೆಪ್ಪರ್‌ಮಿಂಟ್ ವಾಸನೆ ಬರುತ್ತಿತ್ತು ಎಂದೂ ನೆವ್ ಹೇಳಿದ್ದ. ಬರೆಯುವಾಗ ಅದನ್ನು ಬಿಟ್ಟೆ. ಟಿವಿಯಲ್ಲಿ ವಾಸನೆ ಎಲ್ಲಿ ಬರುತ್ತದೆ, ಚಿಕ್ಕ ಹುಡುಗನ ಪೆದ್ದುತನ ಎಂದುಕೊಂಡು.

ಶೀತಲಗೃಹದ ಕಥೆಯಲ್ಲಿ ಹುಡುಗನೇ ಇಲ್ಲ. ನಾಲ್ಕು ಕಂತಿನಲ್ಲೂ ಒಂದು ಮಗುವಿಲ್ಲ.

೨೫ ಅಕ್ಟೋಬರ್, ಬುಧವಾರ

ಹತ್ತು ದಿನ ಏನೂ ಬರೆದಿಲ್ಲ. ತಿಂದದ್ದೂ ಅಷ್ಟಕ್ಕಷ್ಟೆ.

ಇವತ್ತು ಲೌತ್‌ಗೆ ಫೋನು ಮಾಡಿದೆ. ಎತ್ತಿದ್ದು ನೆವ್‌ನ ಹೆಂಡತಿ ಮಾರೀನ್.

“ಯಾರು? ... ಓ. ನೀವಾ.”

“ನೆವ್ ಇದ್ದಾನಾ?”

“ಇದ್ದಾರೆ. ನಿಮ್ಮ ಹತ್ರ ಮಾತಾಡಲ್ಲ.” ಆಮೇಲೆ ದನಿ ತಗ್ಗಿಸಿ: “ಆ ಸಿನಿಮಾ ಸಿಕ್ಕಿದ್ದು ಪೇಪರ್‌ನಲ್ಲಿ ಓದಿದ್ರು. ಆವತ್ತಿಂದ ಮನೆಯೊಳಗೆ ನಿಲ್ತಾನೇ ಇಲ್ಲ. ತೋಟದಲ್ಲೇ ಇರ್ತಾರೆ. ಶನಿವಾರ ಬೆಳಿಗ್ಗೆನೂ ಅಲ್ಲೇ ಇರ್ತಾರೆ. ನಾನು ಹೇಳಿದೆ ಅನ್ನಬೇಡಿ.”

೨೮ ಅಕ್ಟೋಬರ್, ಶನಿವಾರ

ಹೋಗಿ ಬಂದೆ. ಒಂದೊಂದು ಮಾತೂ ಇದ್ದ ಹಾಗೇ ಬರೆಯುತ್ತೇನೆ. ಈ ಸಲ ಏನನ್ನೂ ಬಿಡುವುದಿಲ್ಲ.

ಊರಾಚೆಯ ತರಕಾರಿ ತೋಟ. ನೆವ್ ಈರುಳ್ಳಿ ಜಾತಿಯ ಲೀಕ್ ಗಿಡ ಕೀಳುತ್ತಿದ್ದ. ಪೂರ್ತಿ ನರೆತಿದ್ದಾನೆ. ತಿರುಗಿ ನೋಡಿದ. ಎದ್ದೇಳಲಿಲ್ಲ.

“ಫಿಲಮ್ ನೋಡಿದ್ಯಾ?”

“ನೋಡಿದೆ.”

“ಅದರಲ್ಲಿ ಹುಡುಗ ಇದ್ನಾ?”

“ಇಲ್ಲ.”

“ಹೂಂ.” ಇನ್ನೊಂದು ಗಿಡ ಕಿತ್ತು ಮಣ್ಣು ಕೊಡವಿದ. “ಟಿವಿ ಓಡ್ತಾ ಇತ್ತು. ನಾನು ನೋಡ್ಲಿಲ್ಲ.”

ಅವನೇ ಮುಂದುವರಿಸಿದ.

“ನಿನಗೆ ಹೇಳ್ದೆ, ಲೆಸ್. ಎಂಟು ವರ್ಷದವನಿಗೆ ಹೇಗೆ ಬರುತ್ತೋ ಹಾಗೆ ಹೇಳ್ದೆ. ನೀನು ಏನು ಕೇಳ್ದೆ ನೆನಪಿದೆಯಾ? ಅವನ ಹತ್ರ ಗನ್ ಇತ್ತಾ ಅಂತ.”

“ನಾನೂ ಹುಡುಗ ಕಣೋ ಆಗ.”

“ಗೊತ್ತು. ಅದಕ್ಕೇ ಆಗ ಸಿಟ್ಟು ಬರ್ಲಿಲ್ಲ. ಎಪ್ಪತ್ತೆಂಟರಲ್ಲಿ ನೀನು ಅದನ್ನ ಅಚ್ಚು ಹಾಕ್ದೆಯಲ್ಲ, ಆಗ್ಲೂ ಬರ್ಲಿಲ್ಲ. ಖುಷಿಯಾಯ್ತು, ಗೊತ್ತಾ? ನಮ್ಮಣ್ಣನಿಗೆ ಕೊನೆಗೂ ಅರ್ಥ ಆಗಿದೆ, ಇದು ಅವನು ನನಗೆ ಹೇಳ್ತಿರೋ ರೀತಿ, ಇವತ್ತೋ ನಾಳೆಯೋ ಬಂದು ಬಾಗಿಲು ತಟ್ತಾನೆ ಅಂದ್ಕೊಂಡೆ. ಮೂರು ತಿಂಗಳು ಕಾದೆ. ಮುಂದಿನ ಸಂಚಿಕೆ ಬಂತು.” ಈಗ ನನ್ನನ್ನು ನೇರವಾಗಿ ನೋಡಿದ. “ನೀನು ಅದನ್ನ ವೋಟಿಗೆ ಹಾಕಿದ್ದೆ.”

ಅತ್ತುಬಿಟ್ಟೆ. ಅರವತ್ತೇಳು ವರ್ಷದ ಮುದುಕ, ಲೀಕ್ ಮಡಿಯ ನಡುವೆ ನಿಂತು. ಅವನು ಸಮಾಧಾನ ಮಾಡಲಿಲ್ಲ. ಯಾಕೆ ಮಾಡಬೇಕು?

“ನಿನ್ನಣ್ಣನ ಸರದಿ ಅಂತ ...” ಎಂದೆ.

“ಅದಕ್ಕೇ ಕೂಗ್ಲಿಲ್ಲ,” ಎಂದ ನೆವ್. ಅಷ್ಟೆ.

ಆಟ್ಲಿ ಸತ್ತದ್ದು ೮೧ರಲ್ಲಂತೆ. ಮಾರೀನ್‌ಗೆ ಅಷ್ಟಿಷ್ಟು ಗೊತ್ತಂತೆ. ಬೇರೆ ಯಾರಿಗೂ ಇಲ್ಲ. ಹೊರಡುವಾಗ ಕೇಳಿದೆ, ನಾನೇನು ಮಾಡಲಿ?

“ಅದನ್ನ ಅಲ್ಲಿಂದ ತೆಗೆಸು. ಮಗ್ಗು, ಷರ್ಟು, ವೇಷ ಎಲ್ಲ. ನನ್ನ ಹೆಸರು ಎತ್ತಬೇಡ. ಯಾರ ಮುಂದೂ. ಅಷ್ಟು ಮಾಡಿದ್ರೆ ಆಮೇಲೆ ಬಾ, ನೋಡೋಣ.”

ಬರುವಾಗ ಎರಡು ಲೀಕ್ ಪೇಪರಿನಲ್ಲಿ ಸುತ್ತಿ ಕೈಗೆ ತುರುಕಿದ. ಕೈ ತಾಗದಂತೆ.

೧ ನವೆಂಬರ್, ಬುಧವಾರ

ಸಂಘದ ಎಲ್ಲರಿಗೂ ಕಾಗದ ಹೋಯಿತು. ‘ಮೂರನೇ ಕಂತು ನಾನು ನೋಡಿರಲಿಲ್ಲ. ಆ ದೃಶ್ಯ ಎಂದೂ ಇರಲಿಲ್ಲ. ನಾನು ಸುಳ್ಳು ಬರೆದೆ. ದಯವಿಟ್ಟು ಅದನ್ನು ವೋಟಿನ ಪಟ್ಟಿಯಿಂದ, ಎಲ್ಲ ಕಡೆಯಿಂದ ತೆಗೆಯಿರಿ. ಕ್ಷಮಿಸಿ.’ ಸಂಘದ ಪತ್ರಿಕೆಯ ಸಂಪಾದಕನ ಕೆಲಸಕ್ಕೂ ರಾಜೀನಾಮೆ.

ಉಗಿಯಲಿ. ಉಗಿಸಿಕೊಳ್ಳಲು ತಯಾರು.

೬ ನವೆಂಬರ್, ಸೋಮವಾರ

ಉಗಿಯಲಿಲ್ಲ. ಒಂದೆರಡು ದಿನ ಬೈದರು, ಆಮೇಲೆ ಗಾಳಿ ತಿರುಗಿತು. ಕಾಗದದ ಮೇಲೆ ಕಾಗದ. ‘ಹಾಗಾದರೆ ಓರ್ವಾಕ್‌ನ ಅತ್ಯುತ್ತಮ ದೃಶ್ಯ ಬರೆದದ್ದು ನೀವೇ!’ ‘ಟಿವಿಯವರಿಗೂ ಹೊಳೆಯದ್ದು ನಿಮಗೆ ಹೊಳೆಯಿತಲ್ಲ!’ ‘ಎಲ್ಲಿಂದ ಬಂತು ಸಾರ್ ಇಂಥ ಕಲ್ಪನೆ?’ ಸಮಿತಿ ಕೂತು ತೀರ್ಮಾನಿಸಿದೆ — ಪಟ್ಟಿಯಿಂದ ತೆಗೆಯುವುದಿಲ್ಲ, ಪಕ್ಕದಲ್ಲಿ ‘ಕಲ್ಪನೆ: ಲೆಸ್ಲಿ ಕಾಬ್’ ಎಂದು ಸೇರಿಸುತ್ತಾರಂತೆ. ವಸಂತದಲ್ಲಿ ಸನ್ಮಾನವಂತೆ.

ಮಗ್ಗನ್ನು ಸುತ್ತಿಗೆಯಿಂದ ಒಡೆದು ಕಸಕ್ಕೆ ಹಾಕಿದೆ. ಅಂಥವು ಇನ್ನೂ ಎಷ್ಟು ಮನೆಗಳಲ್ಲಿವೆಯೋ.

೧೧ ನವೆಂಬರ್, ಶನಿವಾರ

ಗ್ವೆಂಡಾಳಿಂದ ಶುರುಮಾಡೋಣ ಎನ್ನಿಸಿತು. ಅವಳು ಬಿಟ್ಟರೆ ಉಳಿದ ವೇಷದವರೂ ಬಿಡುತ್ತಾರೆ, ಅವಳ ಮಾತಿಗೆ ಅಷ್ಟು ಬೆಲೆ. ಬೆಳಿಗ್ಗೆ ಅವಳ ಮನೆಗೆ ಹೋದೆ. ಅಡುಗೆಮನೆ ಮೇಜಿನ ಮೇಲೆ ಆ ಕೈ. ಸನ್ಮಾನಕ್ಕೆಂದು ಹೊಸದು ಹೊಲಿಯುತ್ತಿದ್ದಳು.

“ಗ್ವೆಂಡಾ, ಇದನ್ನ ಬಿಚ್ಚಿಬಿಡು.”

“ತಲೆ ಕೆಟ್ಟಿದ್ಯಾ? ಐದು ದಿನದಿಂದ ಹೊಲೀತಿದ್ದೀನಿ ಇದನ್ನ!”

“ಬಿಚ್ಚು. ಇನ್ನು ಮುಂದೆ ಹೊಲೀಬೇಡ. ಬೇರೆಯವರಿಗೂ ಹೇಳು.”

“ಹೇಳ್ತೀನಿ. ಯಾಕೆ ಅಂತ ನೀನು ಮೊದಲು ಹೇಳು. ಕಾರಣ ಇಲ್ದೆ ಯಾರು ಕೇಳ್ತಾರೆ?”

ಅವಳು ಟೀ ಹಾಕಿದಳು, ಬಿಸ್ಕತ್ತು ಇಟ್ಟಳು, ಕಾದಳು. ಬಿಡುವ ಹೆಣ್ಣಲ್ಲ. ಕೊನೆಗೆ ಹೇಳಿದೆ.

“ಅದು ಕಲ್ಪನೆ ಅಲ್ಲ. ನಿಜವಾದ ಕೈ. ನಮ್ಮ ಮನೆಯಲ್ಲಿ ಬಾಡಿಗೆಗಿದ್ದವನದು.”

ಸೂಜಿ ಕೆಳಗಿಟ್ಟಳು. ಮೇಜಿನ ಮೇಲಿದ್ದುದನ್ನು ಟವೆಲಿನಿಂದ ಮುಚ್ಚಿದಳು. ಆಮೇಲೆ ನನ್ನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅಂಥ ಮೃದು ದನಿ ಅವಳಲ್ಲಿದೆಯೆಂದೇ ಗೊತ್ತಿರಲಿಲ್ಲ.

“ಲೆಸ್ ... ನಿನಗಾ?”

ಹೌದು ಎಂದರೆ ಇನ್ನೊಂದು ಸುಳ್ಳು. ಅವನ ನೋವನ್ನು ಎರಡನೇ ಸಲ ನನ್ನದು ಮಾಡಿಕೊಂಡಂತೆ. ಇಲ್ಲ ಎಂದರೆ — ಆ ಮನೆಯಲ್ಲಿದ್ದದ್ದು ಎರಡೇ ಮಕ್ಕಳು. ಗ್ವೆಂಡಾಗೆ ಅದು ಗೊತ್ತು.

ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಏನಾದರೂ ಹೇಳಲೇಬೇಕಿತ್ತು. ನಾನು ಹೇಳಿದ್ದು —