ಹೆಗಲ ಮೇಲಿನ ಕೈ

ಉಸಿಲಂಪಟ್ಟಿ, ಮಂಗಳವಾರ

ಪೇಚ್ಚಿ ಅತ್ತೆಗೆ,

ಮುರಿದ ದವಡೆಗೆ ಆಸ್ಪತ್ರೆಯಲ್ಲಿ ತಂತಿ ಬಿಗಿದಿದ್ದಾರೆ, ಮಾತಾಡಲಾಗದು, ಅದಕ್ಕೇ ಬರೆಯುತ್ತಿದ್ದೇನೆ.

ತಪ್ಪು ನನ್ನದೂ ಇದೆ. ಗಂಡಾಗಲು ಸೂಜಿಮದ್ದು ಶುರುಮಾಡಿ ವರ್ಷವಾಯಿತು. ಗಡ್ಡ ಬಂತು, ದನಿ ಒಡೆದು ಇಳಿಯಿತು. ಮೊನ್ನೆಯ ಸಾವಿನ ಮನೆಯಲ್ಲಿ ನಾನು ಗಂಡಸರ ಜೊತೆ ನಿಲ್ಲಬೇಕಿತ್ತು. ಆದರೆ ಹೆಣ್ಣೆನಿಸಿಕೊಂಡು ಹನ್ನೊಂದು ವರ್ಷ ನಿಮ್ಮ ಪಕ್ಕದಲ್ಲಿ ಸಾವಿನ ಹಾಡು ಹಾಡಿದ ಮೈ ಇದು. ಎಂದಿನ ರೂಢಿಯಂತೆ ಹೆಂಗಸರ ಸುತ್ತಿನಲ್ಲಿ ಕೂತು, ಸತ್ತವನ ಹೆಂಡತಿಯ ಹೆಗಲಿಗೆ ಕೈ ಹಾಕಿಯೇ ಹಾಡು ಎತ್ತಿದೆ.

"ಯಾವನೋ ಅವ್ನು, ನಮ್ಮವ್ವನ್ನ ಮುಟ್ಟೋನು?" ಎಂದು ಅವಳ ಮಕ್ಕಳು ಚಟ್ಟದ ಬಿದಿರು ಹಿಡಿದು ಬಂದರು. ಹಿರಿಯವನು ನನ್ನ ಗಂಟಲ ಮೇಲೆ ಕಾಲಿಟ್ಟು, "ಈಗ ಹಾಡೋ ಲೇ, ಕೇಳ್ತೀನಿ" ಅಂದ. ನನ್ನನ್ನು ಗಂಡಸೆಂದು ಮೊದಲು ನಂಬಿದವರು ಅವರೇ.

"ಇವ್ನು ನಮ್ಮೋನು" ಎಂದು ನೀವು ಒಂದು ಮಾತು ಹೇಳಬಹುದಿತ್ತು. ಅದರ ಬದಲು ನನ್ನ ಚೀರಾಟ ಮುಳುಗುವ ಹಾಗೆ ಹಾಡು ಏರಿಸಿದಿರಿ.

ಪೊಲೀಸರಿಗೆ ನಿಮ್ಮ ಹೆಸರು ಹೇಳಿಲ್ಲ. ನನಗೊಂದು ಕೆಲಸ ಮಾಡಿಕೊಡಿ. ನೀವು ಸತ್ತ ದಿನ ನಾನು ಬಂದು, ನಿಮ್ಮ ತಲೆಯ ಹತ್ತಿರ ಕೂತು, ಉಳಿದಷ್ಟು ದನಿಯಲ್ಲಿ ಹಾಡುತ್ತೇನೆ. ಅವತ್ತು ನನ್ನ ಮೇಲೆ ಕೈ ಎತ್ತಬೇಡಿ ಎಂದು ನಿಮ್ಮ ಮಕ್ಕಳಿಗೆ ಈಗಲೇ ಹೇಳಿಡಿ. ಅವತ್ತೂ ನೀವು ನನ್ನ ಪರವಾಗಿ ಬಾಯಿ ಬಿಡಲಾರಿರಿ.

ನಿಮ್ಮ
ಮಾಯಾಂಡಿ